ಮಣ್ಣಿಗೆ ಹೋಗದ ಲಿಂಗ

ಪೂರ್ಣಿಮಾ ಕಿರುಚಿದ್ದು ಒಂದೇ ಸಲ. ಗೋಡೆಯ ಮಾಡದ ಕಡೆ ಬೆರಳು ತೋರಿಸಿ ಹಾಗೆಯೇ ನಿಂತುಬಿಟ್ಟಳು.

ತಹಮೀನಾ ಪಟ್ಟಿ ಬರೆಯುತ್ತಿದ್ದ ಹಲಗೆಯನ್ನು ಕೆಳಗಿಟ್ಟು ದೇವರ ಕೋಣೆಗೆ ಓಡಿ ಬಂದಳು.

ಈ ಮನೆಯ ಒಡತಿ ನಿಂಗವ್ವ ನರ್ಸಬಾಯಿಯ ಹೆಣ ಹೋದ ವರ್ಷದ ಆಷಾಢದಲ್ಲಿ ಮಲಪ್ರಭೆಯ ಸೇತುವೆ ಕೆಳಗೆ ಸಿಕ್ಕಿ, ಮಣ್ಣಾಗಿ, ಹದಿನಾರು ತಿಂಗಳಾಗಿತ್ತು. ಮದುವೆಯಾಗದ ಆಕೆಯ ಖಾನಾಪುರದ ಮನೆಗಾಗಿ ತಂಗಿಯರ ಮಕ್ಕಳಾದ ಗೌರೀಶ ಮತ್ತು ಪೂರ್ಣಿಮಾ ಕೋರ್ಟು ಹತ್ತಿದ್ದರು. ಮನೆಯೊಳಗಿನ ಸಾಮಾನಿನ ಪಟ್ಟಿ ಮಾಡಿಕೊಂಡು ಬಾ ಎಂದು ಕೋರ್ಟು ಕಮಿಷನರ್ ಆಗಿ ಕಳಿಸಿದ್ದು ವಕೀಲೆ ತಹಮೀನಾಳನ್ನು.

ಮಾಡದ ಪುಟ್ಟ ಕದ ತೆರೆದಿತ್ತು. ಒಳಗೆ ಮಡಿಚಿಟ್ಟ ಬಿಳಿ ಪಾವುಡದ ಮೇಲೆ ಒಂದು ಬೆಳ್ಳಿಯ ಕರಡಿಗೆ. ಅದಕ್ಕೆ ಪೋಣಿಸಿದ ಕೆಂಪು ಶಿವದಾರ ಅಂಚಿನಿಂದ ಕೆಳಗೆ ಜೋತುಬಿದ್ದಿತ್ತು.

"ಏನಾತ್ರೀ?"

"ದೊಡ್ಡವ್ವನ ಲಿಂಗ," ಎಂದಳು ಪೂರ್ಣಿಮಾ. "ವಕೀಲ್ರ, ಇದು ದೊಡ್ಡವ್ವನ ಕೊರಳಾಗಿನ ಲಿಂಗ."

ಲಿಂಗವಂತರ ನಡುವೆ ಬೆಳೆದ ತಹಮೀನಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ ಉಸಿರಿರುವವರೆಗೆ ಕೊರಳಲ್ಲಿ. ಉಸಿರು ಹೋದ ಮೇಲೆ ಎಡಗೈಯಲ್ಲಿ, ಮಣ್ಣಿನೊಳಗೆ. ಅದು ಹಿಂದೆ ಉಳಿಯುವ ವಸ್ತುವಲ್ಲ. ಪಾಲು ಮಾಡಿಕೊಳ್ಳುವ ವಸ್ತು ಮೊದಲೇ ಅಲ್ಲ.

ಕರಡಿಗೆಯ ಮುಚ್ಚಳದ ಮೇಲೆ ದೇವನಾಗರಿಯಲ್ಲಿ 'ನರ್ಸಬಾಯಿ' ಎಂದು ಕೊರೆದಿತ್ತು. ಕಣಕುಂಬಿಯ ಜನ ಆಕೆ ನಿವೃತ್ತಳಾದಾಗ ಮಾಡಿಸಿಕೊಟ್ಟದ್ದು ಎಂದು ಪೂರ್ಣಿಮಾ ಹೇಳಿದಳು. ಮೂವತ್ತು ವರ್ಷ ಆ ಕಾಡಿನ ಊರುಗಳಲ್ಲಿ ಹೆರಿಗೆ ಮಾಡಿಸುತ್ತ ತಿರುಗಿದ ಹೆಂಗಸಿಗೆ ಅಲ್ಲಿಯವರು ಇಟ್ಟ ಹೆಸರೇ ಅದು.

ಬಾಗಿಲಲ್ಲಿ ನೆರಳು ಬಿತ್ತು. ಗೌರೀಶ. ಐವತ್ತರ ಭಾರೀ ಆಸಾಮಿ. ಬೆಳಗಾವಿಯಲ್ಲಿ ಹಂಚು ಮತ್ತು ಟೈಲ್ಸ್ ವ್ಯಾಪಾರ. ಅವನ ಕಣ್ಣು ಕರಡಿಗೆಯ ಮೇಲೆ ಬಿದ್ದದ್ದೇ ತಡ, ಚೌಕಟ್ಟು ಹಿಡಿದುಕೊಂಡ.

"ನೀ ಏನ ಹೇಳಿದ್ದಿ ಅಣ್ಣಾ?" ಪೂರ್ಣಿಮಾ ಅವನ ಕಡೆ ತಿರುಗಿದಳು. "ಲಿಂಗ ಹೊಳ್ಯಾಗ ಹೋತು, ಅಯ್ಯನವರು ಹೊಸಾ ಲಿಂಗ ಕಟ್ಟಿ ಮಣ್ಣು ಮಾಡಿದ್ರು ಅಂದಿದ್ದಿ. ನಾ ಬರೂದ್ರಾಗ ಎಲ್ಲಾ ಮುಗಿಸಿದ್ದಿ. ನನಗ ಮಾರಿ ಸೈತ ನೋಡಾಕ ಸಿಗಲಿಲ್ಲ."

"ನಾಕು ದಿನ ನೀರಾಗ ಇದ್ದ ಹೆಣಾ ಅದು. ಇಡೂ ಹಂಗ ಇರಲಿಲ್ಲ."

"ಹಂಗಾರ ಇದು ಇಲ್ಲಿ ಹ್ಯಾಂಗ ಬಂತು?"

ಗೌರೀಶ ತುಟಿ ಒರೆಸಿಕೊಂಡ. "ಬಿಟ್ಟು ಹೋಗಿರಬೇಕು. ಸಾಯಾಕ ಅಂತ ಹೊಂಟಾಕಿ, ಕಳದಿಟ್ಟು ಹೋಗಿರಬೇಕು."



ತಹಮೀನಾ ಬಗ್ಗಿ ನೋಡಿದಳು. ಕರಡಿಗೆಯನ್ನು ಮುಟ್ಟಲಿಲ್ಲ. ಮುಚ್ಚಳ ಅರ್ಧ ಸರಿದಿತ್ತು. ಒಳಗಿನ ಕಪ್ಪು ಲಿಂಗದ ಮೇಲೆ ಮೂರು ಬೆರಳಿನ ವಿಭೂತಿ ಅಚ್ಚುಕಟ್ಟಾಗಿ ಎಳೆದಿತ್ತು. ಅದರ ತಲೆಯ ಮೇಲೆ ಒಂದು ಬಿಲ್ವಪತ್ರಿ.

ಪತ್ರಿ ಹಸಿರಾಗಿತ್ತು.

"ಗೌರೀಶ ಅವರ," ಎಂದಳು ತಹಮೀನಾ, ದನಿ ಏರಿಸದೆ. "ಹದಿನಾರು ತಿಂಗಳ ಹಿಂದ ಕಳದಿಟ್ಟ ಲಿಂಗದ ಮ್ಯಾಲೆ ನಿನ್ನಿ ಮೊನ್ನಿ ಹರದ ಪತ್ರಿ ಯಾರು ಏರಿಸಿದ್ರು?"

ಅವನ ಕಣ್ಣು ಮುಂಬಾಗಿಲ ಕಡೆ ಹೋಯಿತು.

ಮುಂಬಾಗಿಲಿಗೆ ಎರಡು ಬೀಗ ಬಿದ್ದಿದ್ದವು, ಗೌರೀಶನದೊಂದು, ಪೂರ್ಣಿಮಾಳದೊಂದು. ಎರಡಕ್ಕೂ ಬಟ್ಟೆ ಸುತ್ತಿ ಕೋರ್ಟಿನ ಅರಗಿನ ಮೊಹರು ಹಾಕಿ ನಾಲ್ಕು ತಿಂಗಳು. ಇವತ್ತು ಬೆಳಿಗ್ಗೆ ತಹಮೀನಾಳೇ ತನ್ನ ಕೈಯಾರೆ ಮೊಹರು ಒಡೆದಿದ್ದಳು. ಅದು ಗಟ್ಟಿಯಾಗಿಯೇ ಇತ್ತು.

ಆಗ ಅವಳಿಗೆ ಇನ್ನೊಂದು ಸಂಗತಿ ಕಾಣಿಸಿತು. ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಮಂಚದ ಮೇಲೆ, ಎಲ್ಲೆಲ್ಲೂ ಬೆರಳು ಇಟ್ಟರೆ ಗುರುತು ಮೂಡುವಷ್ಟು ಧೂಳು. ದೇವರ ಕೋಣೆಯ ಫರಸಿ ಮಾತ್ರ ಸಾರಿಸಿದ ಹಾಗೆ ನುಣ್ಣಗಿತ್ತು. ಮಾಡದ ಎದುರಿಗೆ ಕೂಡುವ ಮಣೆ ಹಾಕಿತ್ತು. ಅವಳು ಅಂಗೈ ಇಟ್ಟು ನೋಡಿದಳು. ಮಣೆಯ ಒಂದು ಅಂಚು ಇನ್ನೂ ತೇವವಾಗಿತ್ತು, ಮಿಂದು ಬಂದವರು ಒದ್ದೆ ಸೀರೆಯಲ್ಲೇ ಕೂತು ಎದ್ದ ಹಾಗೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದನ್ನ ಪಟ್ಟ್ಯಾಗ ಬರೀಬ್ಯಾಡ್ರಿ ವಕೀಲ್ರ," ಗೌರೀಶನ ದನಿ ಇಳಿದಿತ್ತು, ಬೇಡುವಂತಿತ್ತು. "ಕೈ ಮುಗೀತೀನಿ. ಇಡೀ ಮನಿ ಆಕಿಗೇ ಹೋಗ್ಲಿ ಬೇಕಾದ್ರ. ಇದೊಂದು ಬರೀಬ್ಯಾಡ್ರಿ."

ತಹಮೀನಾ ಪಟ್ಟಿ ಎತ್ತಿಕೊಂಡು ಬರೆದಳು. ನಲವತ್ತೆರಡು: ಬೆಳ್ಳಿ ಕರಡಿಗೆ ಒಂದು, ಒಳಗೆ ಲಿಂಗ ಸಹಿತ.

*

ಬಚ್ಚಲಿನ ಹಿಂಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಆದರೆ ಚೌಕಟ್ಟಿನಲ್ಲಿ ಕಿರುಬೆರಳು ಹೋಗುವಷ್ಟು ತೂತು, ಅದರೊಳಗೆ ಒಂದು ಗೇಣು ಸುತಳಿ. ಹೊರಗೆ ನಿಂತು ಸುತಳಿ ಎಳೆದರೆ ಅಗಳಿ ಏಳುತ್ತಿತ್ತು. ಬಿಟ್ಟರೆ ಮತ್ತೆ ಕೂಡುತ್ತಿತ್ತು.

"ದೊಡ್ಡವ್ವ ಡ್ಯೂಟಿಯಿಂದ ಹೊತ್ತಲ್ಲದ ಹೊತ್ತಿಗೆ ಬರಾಕಿ," ಎಂದಳು ಪೂರ್ಣಿಮಾ. "ಮಂದೀನ್ನ ಎಬಸಬಾರದು ಅಂತ ಹಿಂಗ ಮಾಡಿಸಿದ್ಲು. ಆಕಿನ್ನ ಬಿಟ್ರ ಯಾರಿಗೂ ಗೊತ್ತಿದ್ದಿಲ್ಲ."

ಹಿತ್ತಲಿನಲ್ಲಿ ಹಲಸಿನ ಮರದ ಕೆಳಗೆ ಕಾಸಿಮಸಾಬ ಕೂತಿದ್ದ. ತಹಮೀನಾಳ ತಂದೆ, ಪೊಲೀಸಿನಲ್ಲಿ ಮೂವತ್ತೆಂಟು ವರ್ಷ ಬರವಣಿಗೆಯ ಕೆಲಸ ಮಾಡಿ ಎಎಸ್‌ಐ ಆಗಿ ನಿವೃತ್ತನಾದವನು. ಊರು ಬಿಟ್ಟು ಕೆಲಸವಿದ್ದರೆ ಮಗಳನ್ನು ತನ್ನ ಹಳೆಯ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಎಲ್ಲಿ ಹೋದರೂ ಮನೆಯೊಳಗೆ ಬಂದು ನಾಲ್ಕು ಮಾತಾಡುವ ಮನುಷ್ಯ, ಇಲ್ಲಿ ಮಾತ್ರ ಹೊಸ್ತಿಲು ದಾಟಿರಲಿಲ್ಲ. "ನಾ ಹೊರಗ ಕುಂದರತೀನಿ, ನೀ ಹೋಗು" ಎಂದಿದ್ದ.

ತಹಮೀನಾ ನಡೆದದ್ದನ್ನೆಲ್ಲ ಹೇಳಿದಳು. ಅವನು ಚಹಾದ ಲೋಟ ನೆಲಕ್ಕಿಟ್ಟ.

ಆಮೇಲೆ ಕೇಳಿದ, "ಆ ಪೂರ್ಣಿಮಾಬಾಯಿಗೆ ಒಂದು ಮಾತು ಕೇಳಿ ಬಾ. ನಿಂಗವ್ವ ಕಾಲುಂಗರ ಇಟ್ಟಿದ್ದಳೇನು ಅಂತ."

ತಹಮೀನಾ ವಿಚಿತ್ರವಾಗಿ ನೋಡಿದಳು. ಆದರೂ ಹೋಗಿ ಕೇಳಿದಳು.

"ಲಗ್ನಾನ ಆಗದಾಕಿಗೆ ಎಲ್ಲೀ ಕಾಲುಂಗರಾ?" ಎಂದಳು ಪೂರ್ಣಿಮಾ. "ಹುಟ್ಟಿದಾರಭ್ಯ ಬೆರಳಿಗೆ ಏನೂ ಹಾಕಿಲ್ಲ ಆಕಿ."

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಕಾಸಿಮಸಾಬ ತಿರುಗಿ ನೆಟ್ಟಗೆ ವ್ಯಾನಿನ ಕಡೆ ನಡೆದ. ನಡೆಯುವಾಗ ಒಂದು ಕೈಯಿಂದ ಗೋಡೆ ಹಿಡಿದುಕೊಂಡಿದ್ದ.

*

ಮರುದಿನ ಬೆಳಿಗ್ಗೆ, ಬೆಳಗಾವಿಯ ಕೋಟೆಯ ಕಂದಕದ ಎದುರಿಗಿನ ತಮ್ಮ ಮನೆಯಲ್ಲಿ, ತಹಮೀನಾ ದಾವೆಯ ಫೈಲು ಬಿಚ್ಚಿದಳು. ಸಾವಿನ ದಾಖಲೆಯ ಹಿಂದೆ ಗೌರೀಶನ ವಕೀಲರು ಶವ ಪಂಚನಾಮೆಯ ನಕಲು ಹಚ್ಚಿದ್ದರು. ಇಷ್ಟು ದಿನ ಅದನ್ನು ಓದುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ. ಸತ್ತವರು ಸತ್ತಿದ್ದಾರೆ, ಉಳಿದದ್ದು ಮನೆಯ ಮಾತು ಎಂದುಕೊಂಡಿದ್ದಳು.

ಮೊದಲ ಸಾಲಿಗೇ ಅವಳ ಕೈ ನಿಂತಿತು. ಅಕ್ಷರ ಗುಂಡಗೆ, ಸ್ವಲ್ಪ ಬಲಕ್ಕೆ ವಾಲಿದ್ದು. ಒತ್ತಕ್ಷರದ ಬಾಲ ಉದ್ದ. ಒಂದನೇ ಇಯತ್ತೆಯಲ್ಲಿ ಅವಳ ಪಾಟಿಯ ಮೇಲೆ ಅ ಆ ತಿದ್ದಿಸಿದ ಅಕ್ಷರ ಅದು.

ಕೊನೆಯ ಹಾಳೆ ತಿರುವಿದಳು. ಬರೆದವರು: ಕಾಸಿಮಸಾಬ, ಎಎಸ್‌ಐ, ಹೊಳೆದಂಡೆ ಹೊರಠಾಣೆ.

"ಅಬ್ಬಾ."

ಅವನು ಅಂಗಳದಲ್ಲಿ ಬಾದಾಮಿ ಗಿಡಕ್ಕೆ ನೀರು ಹಾಕುತ್ತಿದ್ದ. ಅವಳ ಕೈಯಲ್ಲಿದ್ದ ಹಾಳೆ ನೋಡಿ ಕೊಡ ಇಳಿಸಿದ. ಮನೆಯಲ್ಲಿ ಅವರ ಮಾತು ದಖನಿ. ಆದರೆ ಠಾಣೆಯ ಮಾತು ಬಂದಾಗ ಅವನ ನಾಲಿಗೆ ತಾನಾಗಿಯೇ ಕನ್ನಡಕ್ಕೆ ಹೊರಳುತ್ತಿತ್ತು.

"ನನಗ ಯಾಕ ಹೇಳಲಿಲ್ಲ?" ಎಂದಳು ತಹಮೀನಾ. "ನನ್ನ ಕೇಸಿನಾಗ ನಿಮ್ಮ ಕೈಬರಹ ಐತಿ. ನಿನ್ನಿ ಇಡೀ ದಿನ ಆ ಹಿತ್ತಲದಾಗ ಕುಂತಿದ್ರಿ."

"ಹೇಳಬೇಕು ಅಂತನ ಜೋಡಿ ಬಂದೆ ಬೇಟಾ. ಆಗಲಿಲ್ಲ."

"ಕಾಲುಂಗರದ ಮಾತು ಏನದು?"

ಅವನು ಕಟ್ಟೆಯ ಮೇಲೆ ಕೂತ. "ಆ ಹೆಣದ ಎರಡೂ ಕಾಲಿನ ಬೆರಳಿಗೆ ಉಂಗುರದ ಗುರ್ತು ಇತ್ತು. ಎಷ್ಟೋ ವರ್ಷ ಇಟ್ಟು ಇಟ್ಟು ಬೆರಳು ಸಣ್ಣಗಾಗಿ ಬೆಳ್ಳಗಾಗಿರತಾವಲ್ಲ, ಹಂಗ. ಉಂಗುರ ಇರಲಿಲ್ಲ, ಗುರ್ತು ಇತ್ತು."

ತಹಮೀನಾ ಹಾಳೆ ನೋಡಿದಳು. ಸೀರೆಯ ಬಣ್ಣವಿತ್ತು, ಅಂದಾಜು ವಯಸ್ಸಿತ್ತು, ಮೊಣಕೈಯ ತರಚು ಗಾಯವಿತ್ತು. ಕಾಲಿನ ಬೆರಳ ಮಾತು ಇರಲಿಲ್ಲ.

"ಕಚ್ಚಾ ಪ್ರತಿಯಾಗ ಬರದಿದ್ದೆ. ಪಕ್ಕಾ ಬರಿಯೂ ಮುಂದ ಗೌರೀಶ ಬಂದು ನನ್ನ ಎದುರಿಗೆ ಕುಂತ. ಅಳಾಕತ್ತಿದ್ದ. 'ಸಾಹೇಬ್ರ, ದೊಡ್ಡವ್ವ ಗುಟ್ಟಾಗಿ ಲಗ್ನ ಆಗಿದ್ಲು. ಮನ್ಯಾಗ ಯಾರಿಗೂ ಗೊತ್ತಿಲ್ಲ. ಸತ್ತ ಮ್ಯಾಲೆ ಆಕಿ ಮಾನ ಯಾಕ ಬೀದಿಗೆ ತರೂದು, ಆ ಒಂದು ಸಾಲು ಬಿಡ್ರಿ' ಅಂದ."

"ನೀವು ಬಿಟ್ರಿ."

"ಬಿಟ್ಟೆ." ಅವನು ಮಗಳ ಮುಖ ನೋಡಲಿಲ್ಲ. "ಒಂದು ಕಪ್ ಚಹಾ ಸೈತ ಅವನ ಕೈಯಿಂದ ಕುಡಿದಿಲ್ಲ. ಆದ್ರ ಬಿಟ್ಟೆ. ಕಣಕುಂಬಿ ಚೌಕಿಯೊಳಗ ನನ್ನ ಡ್ಯೂಟಿ ಇದ್ದಾಗ ನಿನ್ನ ಅಮ್ಮೀಗೆ ಎರಡು ದಿನ ಹೆರಿಗಿ ಬ್ಯಾನಿ. ರಸ್ತೆ ಮ್ಯಾಲೆ ಮರ ಬಿದ್ದು ಜೀಪು ಹೋಗೂ ಹಂಗ ಇರಲಿಲ್ಲ. ನಿಂಗವ್ವ ಎದಿಮಟ ನೀರಿನಾಗ ಹಳ್ಳಾ ದಾಟಿ ಬಂದು ನಿನ್ನ ಹೊರಗ ತಗದ್ಲು. ಆಕಿ ಹೆಸರಿಗೆ ಮಸಿ ಹತ್ತಬಾರದು ಅನಸಿತು. ಮುಂದಿನ ತಿಂಗಳ ರಿಟೈರ್ ಆದೆ."

ಕಂದಕದ ಕಡೆಯಿಂದ ಬೀದಿಯ ಗದ್ದಲ ಕೇಳುತ್ತಿತ್ತು. ತನ್ನನ್ನು ಈ ಲೋಕಕ್ಕೆ ಎಳೆದು ತಂದ ಕೈಗಳು ಯಾವುವೆಂದು ತಹಮೀನಾಳಿಗೆ ಗೊತ್ತೇ ಇರಲಿಲ್ಲ. ಆ ಕೈಗಳ ಮನೆಯಲ್ಲಿ ನಿನ್ನೆ ಅವಳು ಸೌಟು, ತಟ್ಟೆ, ಹಾಸಿಗೆ ಎಣಿಸಿ ಬಂದಿದ್ದಳು.

"ಅವತ್ತಿನಿಂದ ಆ ಬೆರಳು ನನ್ನ ಬಿಟ್ಟಿಲ್ಲ ಬೇಟಾ," ಎಂದ ಕಾಸಿಮಸಾಬ. "ನಮಾಜಿಗೆ ಬಗ್ಗಿದ್ರ ಬಾಜೂದವರ ಕಾಲು ಕಾಣತಾವು. ನೋಡಿದ ಕೂಡಲೆ ಅದ ನೆನಪು. ಅದು ನಿಂಗವ್ವ ಅಲ್ಲ ಅಂದ್ರ, ಯಾವ ಹೆಣ್ಣಮಗಳನ್ನ ನಾವು ಮತ್ತೊಬ್ಬಾಕಿ ಹೆಸರಿನ್ಯಾಗ ಮಣ್ಣಿಗೆ ಇಟ್ಟಿವಿ? ಆಕಿ ಮನಿಯವರು ಇನ್ನೂ ಹಾದಿ ಕಾಯಾಕತ್ತಾರೇನು?"

ತಹಮೀನಾ ಹಾಳೆಯನ್ನು ಫೈಲಿನಲ್ಲಿಟ್ಟಳು. "ಚಪ್ಪಲಿ ಹಾಕ್ಕೋರಿ. ಮಹಾಂತೇಶ ನಗರಕ್ಕ, ಗೌರೀಶನ ಮನಿಗೆ ಹೋಗೂಣು."

*

ಕಮಿಷನರ್ ಆದವಳು ಕಕ್ಷಿದಾರನ ಮನೆಯ ಮೆಟ್ಟಿಲು ಹತ್ತಬಾರದು. ತಹಮೀನಾಗೆ ಅದು ಚೆನ್ನಾಗಿ ಗೊತ್ತಿತ್ತು. ಹತ್ತಿದಳು.

ಬಾಗಿಲು ತೆರೆದದ್ದು ಗೌರೀಶನ ಹೆಂಡತಿ ನಾಗರತ್ನಾ. "ಬರ್ರಿ, ಕುಂದರ್ರಿ" ಎಂದಳು. ಕಾಸಿಮಸಾಬನ ಮುಖ ನೋಡಿದವಳೇ ಸೆರಗು ಸರಿಮಾಡಿಕೊಂಡು ಒಳಗೆ ಸರಿದಳು. ಗೌರೀಶ ಹೊರಗೆ ಬಂದ. ಎರಡು ದಿನದ ಗಡ್ಡ. ಅವನಿಗೂ ಕಾಸಿಮಸಾಬನ ಗುರುತು ಹತ್ತಿತು.

"ಇವರು ನನ್ನ ತಂದಿ," ಎಂದಳು ತಹಮೀನಾ. "ಹೊಳಿ ದಂಡಿಮ್ಯಾಲೆ ಪಂಚನಾಮಿ ಬರದವರು. ನಿಮಗ ಗೊತ್ತೈತಿ."

ಗೌರೀಶ ಕುರ್ಚಿಯ ಅಂಚಿನಲ್ಲಿ ಕೂತ.

"ನಾ ಒಂದ ಪ್ರಶ್ನೆ ಕೇಳತೀನಿ. ನಾಳೆ ನನ್ನ ರಿಪೋರ್ಟು ಕೋರ್ಟಿಗೆ ಹೋಗತದ. ಅದಕ್ಕಿಂತ ಮೊದಲ ಕೇಳಬೇಕು ಅನಸಿತು. ನಿಮ್ಮ ದೊಡ್ಡವ್ವನ ಲಗ್ನ ಆಗಿತ್ತೇನು?"

"ಇಲ್ಲ."

"ಹಿಂದ ಇವರ ಮುಂದ ಆಗಿತ್ತು ಅಂದಿದ್ರಿ."

"ನಾ ಹಂಗ ಅಂದಿಲ್ಲ."

"ಅಂದೀ ಗೌರೀಶಪ್ಪಾ," ಎಂದ ಕಾಸಿಮಸಾಬ ಮೆಲ್ಲಗೆ. "ನನ್ನ ಕೈ ಹಿಡಕೊಂಡು ಅಂದೀ."

"ನೋಡ್ರಿ," ತಹಮೀನಾ ಮುಂದಕ್ಕೆ ಬಾಗಿದಳು. "ಆಗಿತ್ತು ಅನ್ರಿ. ಹಂಗಾರ ಆಕಿ ಗಂಡನೋ ಮಕ್ಕಳೋ ಎಲ್ಲ್ಯಾರ ಇರಬೇಕು. ಮನಿ ಅವರದು. ನಿಮಗೂ ಇಲ್ಲ, ಪೂರ್ಣಿಮಾಬಾಯಿಗೂ ಇಲ್ಲ. ಅಥವಾ ಆಗಿರಲಿಲ್ಲ ಅನ್ರಿ. ಹಂಗಾರ ಕಾಲುಂಗರ ಇಟ್ಟ ಆ ಹೆಂಗಸು ನಿಮ್ಮ ದೊಡ್ಡವ್ವ ಅಲ್ಲ. ಯಾರೋ ಒಬ್ಬಾಕಿನ್ನ ನಿಮ್ಮ ದೊಡ್ಡವ್ವ ಅಂತ ಸುಳ್ಳು ಗುರ್ತು ಹಿಡದು ಮಣ್ಣು ಮಾಡೀರಿ. ಎರಡರಾಗ ಯಾವುದು ಖರೇ?"

ಗೌರೀಶ ಒಮ್ಮೆ ಅವಳನ್ನು, ಒಮ್ಮೆ ಕಾಸಿಮಸಾಬನನ್ನು ನೋಡಿದ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಏನು ಹೇಳಿದರೂ ಒಂದು ಬಾಗಿಲು ಮುಚ್ಚುತ್ತಿತ್ತು.

"ಪೂರ್ಣಿಮಾ ನಿಮಗ ಹೇಳಿಕೊಟ್ಟು ಕಳಿಸ್ಯಾಳ."

"ಆಕಿಗೆ ನಾ ಇಲ್ಲಿ ಬಂದದ್ದ ಗೊತ್ತಿಲ್ಲ."

"ನಿನ್ನಿ ನಿಮ್ಮ ಕಣ್ಣಾರೆ ನೋಡಿದ್ರಲ್ಲ? ಲಿಂಗಾ ಆಕೀನ ತಂದು ಇಟ್ಟಿರಬೇಕು..."

"ಲಿಂಗಾ ಎಲ್ಲಿಂದ ತಂದ್ಲು? ಅದು ಹೊಳ್ಯಾಗ ಹೋಗಿತ್ತು ಅಂತ ಹೇಳಿದವರು ನೀವು."

ಅವನು ತಲೆ ತಗ್ಗಿಸಿದ. ಒಳಕೋಣೆಯ ಪರದೆ ಅಲುಗಿತು. ನಾಗರತ್ನಾ ಬಂದು ಗಂಡನ ಕುರ್ಚಿಯ ಹಿಂದೆ ನಿಂತಳು.

"ಹೇಳಿಬಿಡ್ರಿ," ಎಂದಳು. "ಹದಿನಾರು ತಿಂಗಳಾತು, ಒಂದು ದಿನಾನೂ ನೀವು ನೆಟ್ಟಗ ಉಂಡಿಲ್ಲ. ನಿದ್ದಿಗಣ್ಣಾಗ ದೊಡ್ಡವ್ವನ ಜೋಡಿ ಮಾತಾಡತೀರಿ. ನೀವು ಹೇಳಲಿಲ್ಲಂದ್ರ ನಾ ಹೇಳತೀನಿ."

ಗೌರೀಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಾತು ಬೆರಳ ಸಂದಿಯಿಂದ ಬಂತು.

"ದೊಡ್ಡವ್ವ ನಾಕು ದಿನದಿಂದ ಮನ್ಯಾಗ ಇರಲಿಲ್ಲ. ಸೇತುವಿ ಕೆಳಗ ಹೆಣಾ ಬಂದೈತಿ ಅಂತ ಫೋನ್ ಬಂತು. ಅಂಜಿಕೋತ ಹೋದೆ. ಮಳಿ ಜೋರ ಇತ್ತು. ಮಂದಿ ನೆರದಿತ್ತು. ಇವರು ಬಟ್ಟಿ ಸರಿಸಿ ತೋರಿಸಿದ್ರು. ಮಾರಿ ಗುರ್ತು ಸಿಗೂ ಹಂಗ ಇರಲಿಲ್ಲ. ಆದ್ರ ದೊಡ್ಡವ್ವ ಅಲ್ಲ, ಅದು ನನಗ ನೋಡಿದ ಕೂಡಲೆ ತಿಳೀತು. ನನ್ನ ಎತ್ತಿ ಆಡಿಸಿದ ಕೈ ಅವಲ್ಲ. ಅಲ್ಲ ಅಂತ ಹೇಳಾಕ ಬಾಯಿ ತಗದೆ."

"ಮತ್ತ?"

"ಬಾಜೂಕ ಒಬ್ಬಾಕಿ ಬಂದು ನಿಂತ್ಲು. ಕಂಬಳಿ ಕೊಪ್ಪಿ ಹಾಕ್ಕೊಂಡಿದ್ಲು. ಮಾರಿ ಕಾಣಲಿಲ್ಲ." ಅವನು ಮುಖದಿಂದ ಕೈ ತೆಗೆದ. "ದನಿ ದೊಡ್ಡವ್ವಂದು. 'ಗೌರೀಶಾ, ಆ ಹೆಣಾ ನಂದು ಅಂತ ಹೇಳು' ಅಂದ್ಲು."

ಕಾಸಿಮಸಾಬನ ಕೈ ಕುರ್ಚಿಯ ಹಿಡಿಯನ್ನು ಬಿಗಿದು ಹಿಡಿಯಿತು. ಅವತ್ತು ಅದೇ ಗುಂಪಿನಲ್ಲಿ, ಹತ್ತು ಹೆಜ್ಜೆ ಆಚೆ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತ ಕೂತಿದ್ದವನು ಅವನೇ.

"'ನಾ ಸತ್ತೀನಿ ಅಂತ ಆದ್ರ ಒಬ್ಬಾಕಿ ಬದುಕತಾಳ. ಯಾರು, ಯಾಕ ಅಂತ ಕೇಳಬ್ಯಾಡ' ಅಂದ್ಲು. ನಾ ತಿರುಗಿ ನೋಡೂದ್ರಾಗ ಮಂದ್ಯಾಗ ಹೋಗಿಬಿಟ್ಟಿದ್ಲು. ನಾ ಹೇಳಿದೆ. ಹೌದು, ನಮ್ಮ ದೊಡ್ಡವ್ವ ಅಂದೆ. ಕಾಲಿನ ಗುರ್ತು ಇವರ ಕಣ್ಣಿಗೆ ಬಿತ್ತು ಅಂತ ತಿಳದು ಆ ಲಗ್ನದ ಸುಳ್ಳೂ ಹೇಳಿದೆ. ಸತ್ತಾಕಿ ಯಾರು ಅಂತ ನನಗ ಇವತ್ತಿಗೂ ಗೊತ್ತಿಲ್ಲ."

"ನಿಂಗವ್ವ ಈಗ ಎಲ್ಲಿ ಅದಾರ?" ತಹಮೀನಾಳ ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

"ಕಣಕುಂಬಿ ಆಚೆ ಒಂದು ಕೇರಿಯೊಳಗ. ಅಲ್ಲಿ ಮಂದಿ ಇಟಗೊಂಡಾರ. ತಿಂಗಳಿಗೊಮ್ಮೆ ಗುಳಿಗಿ, ಅಕ್ಕಿ ಒಯ್ದು ಕೊಟ್ಟು ಬರತೀನಿ. ಆಕಿ ಮನಿ ನನಗ ಬ್ಯಾಡ್ರೀ ವಕೀಲ್ರ. ಬೀಗ ಹಾಕಿ ಇಡೂಣು, ಒಂದಿಲ್ಲೊಂದು ದಿನ ತಿರುಗಿ ಬರತಾಳ ಅಂತಿದ್ದೆ. ಪೂರ್ಣಿಮಾ ದಾವೆ ಹೂಡಿದ್ಲು. ಬದುಕಿದಾಕಿ ಮನಿ ಪಾಲು ಮಾಡಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ?" ಅವನು ಕಣ್ಣು ಒರೆಸಿಕೊಂಡ. "ನಿನ್ನಿ ಆ ಲಿಂಗಾ ನೋಡಿದಾಗಿಂದ ನನ್ನ ಜೀವ ನಿಂತಿಲ್ಲ. ಉಸಿರಾಡೂಮಟ ಆಕಿ ಅದನ್ನ ಕೊರಳಿಂದ ತಗಿಯೂ ಪೈಕಿ ಅಲ್ಲ."

ಕಾಸಿಮಸಾಬ ಆಗಲೇ ಎದ್ದು ವ್ಯಾನಿನ ಕೀಲಿ ತೆಗೆದಿದ್ದ.

*

ಜಾಂಬೋಟಿ ದಾಟಿದ ಮೇಲೆ ಕಾಡು ರಸ್ತೆಯನ್ನು ಎರಡೂ ಕಡೆಯಿಂದ ಒತ್ತಿಕೊಂಡು ಬಂತು. ನಡುಮಧ್ಯಾಹ್ನವಿದ್ದರೂ ಗಾಡಿಯೊಳಗೆ ಮಬ್ಬು. ಗೌರೀಶ ಮುಂದೆ ಕೂತು ದಾರಿ ತೋರಿಸುತ್ತಿದ್ದ. ತಹಮೀನಾ ಹಿಂದಿನ ಸೀಟಿನಲ್ಲಿ ಕೂತು ಮರಗಳ ನಡುವಿನ ಕಾಲುದಾರಿಗಳನ್ನು ನೋಡುತ್ತಿದ್ದಳು. ಯಾವುದೋ ಒಂದು ದಾರಿಯಲ್ಲಿ ಕೊಪ್ಪೆ ಹಾಕಿಕೊಂಡ ಮುದುಕಿ ನಡೆದು ಬರುತ್ತಿದ್ದಾಳೆ ಎಂದು ಅವಳಿಗೆ ಎರಡು ಸಲ ಅನ್ನಿಸಿತು. ಎರಡೂ ಸಲ ಅದು ಕಡಿದ ಮರದ ಬೊಡ್ಡೆ.

ಕಣಕುಂಬಿಯಿಂದ ಆಚೆ ಮಣ್ಣಿನ ರಸ್ತೆಯ ಕೊನೆಗೆ ಏಳೆಂಟು ಮನೆ. ಗೌರೀಶ ತೋರಿಸಿದ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅವನು ತೆಗೆದು ಒಳಗೆ ಓಡಿದ. ಹಾಸಿಗೆ ಸುತ್ತಿಟ್ಟಿತ್ತು. ಒಲೆಯ ಬೂದಿ ತಣ್ಣಗಿತ್ತು. ಗೂಟಕ್ಕೆ ಸೀರೆ ಇರಲಿಲ್ಲ.

ಪಕ್ಕದ ಮನೆಯಿಂದ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು ಬಂದಳು. ಹೆಸರು ಶೀತಲ. ಮನೆಮಾತು ಮರಾಠಿ, ಗೌರೀಶನನ್ನು ನೋಡಿ ಕನ್ನಡದಲ್ಲೇ ಮಾತಾಡಿದಳು.

"ನರ್ಸಬಾಯಿ ಇಲ್ಲರೀ ದಾದಾ. ಮೊನ್ನಿ ಐತವಾರ ಮುಂಜಾನಿ ಹೋದ್ರು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

"ಯಾರ ಜೋಡಿ?"

"ಮಗಳು ಬಂದಿದ್ಲಲ್ಲ, ಆಕಿ ಜೋಡಿ. ಕಾರ್ ತಂದಿದ್ಲು. ನರ್ಸಬಾಯಿ ಭಾಳ ಖುಷಿಲೆ ಇದ್ರು. ಹೊಸಾ ಸೀರಿ ಉಟಗೊಂಡ್ರು. ನನ್ನ ಕೂಸಿನ ಹಣಿ ಮುಟ್ಟಿ, 'ನನ್ನ ಮಗಳು ನನಗ ಮನಿಗೆ ಕರಕೊಂಡು ಹೊಂಟಾಳ' ಅಂದ್ರು."

ಗೌರೀಶ ತಹಮೀನಾಳ ಕಡೆ ನೋಡಿದ. ಅವಳು ಮೊಬೈಲಿನಲ್ಲಿ ನಿನ್ನೆ ಖಾನಾಪುರದ ಮನೆಯ ಮುಂದೆ, ಮೊಹರು ಒಡೆಯುವಾಗ ತೆಗೆದ ಚಿತ್ರ ಹುಡುಕಿದಳು. ಬೀಗದ ಎಡಕ್ಕೆ ಗೌರೀಶ, ಬಲಕ್ಕೆ ಪೂರ್ಣಿಮಾ.

ಶೀತಲ ಬೆರಳು ಇಟ್ಟಳು. "ಇವರರೀ."

ಪೂರ್ಣಿಮಾ. ಹಿಂಬಾಗಿಲ ಸುತಳಿಯ ಗುಟ್ಟು ಬಲ್ಲವಳು, ಎಲ್ಲ ಗೊತ್ತಿದ್ದೂ ನಿನ್ನೆ ತಮ್ಮೆದುರಿಗೆ ಕಿರುಚಿದವಳು.

ಕಾಸಿಮಸಾಬ ಮಗಳ ಜೊತೆ ಗುಡ್ಡದ ಏರು ಹತ್ತಿ, ಸಿಗ್ನಲ್ ಸಿಕ್ಕ ಕಡೆ ನಿಂತು ಹಳೆಯ ಜೊತೆಗಾರನಿಗೆ ಫೋನ್ ಮಾಡಿದ. ಕಾಣೆಯಾದವರ ದೂರು ಬರೆದುಕೋ ಎಂದ. ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ಊರು ಹೇಳಿದ. ಆ ಕಡೆಯವನು ಸ್ವಲ್ಪ ಹೊತ್ತು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ್ದು ತಹಮೀನಾಗೂ ಕೇಳಿಸಿತು.

"ಈಕಿ ಸತ್ತು ವರ್ಷದ ಮ್ಯಾಲಾತಲ್ರೀ ಸಾಹೇಬ್ರ. ಸತ್ತಾಕಿನ್ನ ಎಲ್ಲೀಂತ ಹುಡಕೂದು?"

ಕಾಸಿಮಸಾಬ ಫೋನನ್ನು ಕಿವಿಯಿಂದ ಇಳಿಸಿದ. ಕಾಗದದ ಮೇಲೆ ಸತ್ತವಳಿಗೆ ಈಗ ಏನಾದರೂ ಆದರೆ ಅದು ಕೊಲೆಯೂ ಅಲ್ಲ, ಸಾವೂ ಅಲ್ಲ. ಆ ಕಾಗದ ಬರೆದ ಕೈ ಅವನದೇ. ಮಗಳಿಗೆ ಅದನ್ನು ಹೇಳಬೇಕಾಗಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು.

ಆಗ ತಹಮೀನಾಳ ಮೊಬೈಲು ಹೊಡೆದುಕೊಂಡಿತು. ತೆರೆಯ ಮೇಲೆ ಪೂರ್ಣಿಮಾಳ ಹೆಸರು.

"ವಕೀಲ್ರ," ದನಿ ಶಾಂತವಾಗಿತ್ತು, ಅತ್ತು ಮುಗಿಸಿ ಮುಖ ತೊಳೆದುಕೊಂಡವರ ಹಾಗೆ. ಹಿಂದೆ ಜನರ ಗದ್ದಲ, ನೀರಿನ ಸಪ್ಪಳ. "ಗೌರೀಶಣ್ಣ ನಿಮ್ಮ ಜೋಡಿನ ಅದಾನಲ್ಲ? ಅವಗ ಹೇಳ್ರಿ. ಸೇತುವಿ ಕೆಳಗ ಮತ್ತೊಂದು ಹೆಣಾ ಬಂದೈತಿ. ಕೊರಳಾಗ ಲಿಂಗ ಇಲ್ಲ. ಅವ ಬರೂದು ಬ್ಯಾಡ. ಈ ಸಲ ಗುರ್ತು ಹಿಡಿಯಾಕ ನಾನ ಬಂದು ನಿಂತೀನಿ."